ಮುಂದೊಗಲಿನ ಶಸ್ತ್ರಚಿಕಿತ್ಸೆ: ವಯಸ್ಸು ನೋಡಿ, ಕಾರಣ ಕೇಳಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂದು ಶಾಲೆಗಳಿಗೆ ರಜೆ ಸಿಕ್ಕಿತೆಂದರೆ ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಗಂಡುಮಕ್ಕಳ ಸುನ್ನತಿ ಶಸ್ತ್ರಚಿಕಿತ್ಸೆಗಳು ಹೆಚ್ಚುತ್ತವೆ. ಹಲವು ಕಡೆ ಸಂಘಸಂಸ್ಥೆಗಳು ಉಚಿತ ಸಾಮೂಹಿಕ ಖತ್ನಾ ಶಿಬಿರಗಳನ್ನೂ ಇದೇ ದಿನಗಳಲ್ಲಿ ಏರ್ಪಡಿಸುತ್ತವೆ. ಈ ಧಾರ್ಮಿಕ ಆಚರಣೆ ಇಲ್ಲದ ಮನೆಗಳ ತಂದೆತಾಯಂದಿರು ಕೂಡ, ಮಗನಿಗೆ ‘ತುದಿ ಇನ್ನೂ ಬಿಟ್ಟುಕೊಂಡಿಲ್ಲ’ ಎಂಬ ಚಿಂತೆಯಲ್ಲಿ, ರಜೆ ಮುಗಿಯುವುದರೊಳಗೆ ಒಂದು ಆಪರೇಷನ್ ಮಾಡಿಸಿಬಿಡೋಣವೆಂದು ಬರುತ್ತಾರೆ. ಆದರೆ ಐವತ್ತು, ಅರವತ್ತು ದಾಟಿದ, ಈ ಶಸ್ತ್ರಚಿಕಿತ್ಸೆ ನಿಜವಾಗಿ ಬೇಕಾಗಿರುವ ಗಂಡಸರು ಮಾತ್ರ ಯಾವ ಕಾಲದಲ್ಲೂ ತಾವಾಗಿ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾಗಿ ಕೆಲಸ ಮಾಡಿ ನಿವೃತ್ತನಾಗಿರುವ ನಾನು ಈ ಮೂರೂ ಬಗೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಶಿಶ್ನದ ತುದಿಯನ್ನು ಮುಚ್ಚುವ ಮುಂದೊಗಲು ಹಿಂದೆ ಸರಿಯುವುದಿಲ್ಲ ಎಂಬ ಒಂದೇ ಸಂಗತಿಗೆ ಹಸುಗೂಸಿನಲ್ಲಿ ಒಂದು ಅರ್ಥವಿದ್ದರೆ, ಮಧುಮೇಹವಿರುವ ಹಿರಿಯರಲ್ಲಿ ಇನ್ನೊಂದೇ ಅರ್ಥವಿದೆ. ವಯಸ್ಸು ಕೇಳದೆ, ಕಾರಣ ಹುಡುಕದೆ ಎಲ್ಲರಿಗೂ ‘ಕತ್ತರಿಸಿಬಿಡಿ’ ಎನ್ನುವವರ ಮಾತನ್ನೂ ‘ಅದರ ತಂಟೆಗೇ ಹೋಗಬೇಡಿ’ ಎನ್ನುವವರ ಮಾತನ್ನೂ ಓದುಗರು ಒಪ್ಪಬಾರದು ಎಂಬುದು ನನ್ನ ಕಳಕಳಿ.

ಗಂಡುಮಗು ಹುಟ್ಟುವಾಗ ಮುಂದೊಗಲಿನ ಒಳಪದರ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಇದು ರೋಗವಲ್ಲ, ಗರ್ಭದಲ್ಲಿ ಕೂಡಿಕೊಂಡೇ ಬೆಳೆದ ಎರಡು ಪದರಗಳು ಹುಟ್ಟಿದ ಮೇಲೆ ಕೆಲವು ವರ್ಷಗಳಲ್ಲಿ ತಾವಾಗಿ ಬೇರೆಯಾಗುತ್ತವೆ. ಇಂಗ್ಲೆಂಡಿನ ಮಕ್ಕಳ ವೈದ್ಯ ಡಗ್ಲಸ್ ಗೇರ್ಡ್ನರ್ 1949ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಬಗ್ಗೆ ಬರೆದಾಗ, ಹುಟ್ಟಿದ ಕೂಡಲೇ ಮುಂದೊಗಲು ಪೂರ್ತಿ ಹಿಂದೆ ಸರಿಯುವುದು ನೂರಕ್ಕೆ ನಾಲ್ಕು ಶಿಶುಗಳಲ್ಲಿ ಮಾತ್ರ ಎಂದು ತೋರಿಸಿದರು. ಅದೇ ಲೇಖನದಲ್ಲಿ ಅವರು, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ ಸುಮಾರು 16 ಮಕ್ಕಳು ಈ ಸಣ್ಣ ಶಸ್ತ್ರಚಿಕಿತ್ಸೆಯ ಕಾರಣದಿಂದ, ಬಹುಮಟ್ಟಿಗೆ ಆ ಕಾಲದ ಅರಿವಳಿಕೆಯ ತೊಂದರೆಗಳಿಂದ, ಸಾಯುತ್ತಿದ್ದುದನ್ನೂ ದಾಖಲಿಸಿದರು. ಅಲ್ಲಿಯವರೆಗೆ ಬ್ರಿಟನ್ನಿನ ಅನುಕೂಲಸ್ಥ ಕುಟುಂಬಗಳಲ್ಲಿ ವಾಡಿಕೆಯಾಗಿದ್ದ ನವಜಾತ ಶಿಶುಗಳ ಸುನ್ನತಿ ಆಮೇಲೆ ಬೇಗಬೇಗನೆ ಇಳಿಯಿತು. ಡೆನ್ಮಾರ್ಕ್‌ನ ಯಾಕೋಬ್ ಓಸ್ಟರ್ ಶಾಲಾ ಹುಡುಗರನ್ನು ವರ್ಷವರ್ಷವೂ ಪರೀಕ್ಷಿಸಿ 1968ರಲ್ಲಿ ಪ್ರಕಟಿಸಿದ ವಿವರ ಇನ್ನೂ ಸ್ಪಷ್ಟವಾಗಿದೆ. ಆರೇಳು ವರ್ಷದವರಲ್ಲಿ ಶೇ 8ರಷ್ಟು ಹುಡುಗರಿಗೆ ಮುಂದೊಗಲು ಬಿಗಿಯಾಗಿದ್ದರೆ, ಹದಿನಾರು ಹದಿನೇಳರ ಹೊತ್ತಿಗೆ ಅದು ಶೇ 1ಕ್ಕೆ ಇಳಿದಿತ್ತು. ತುದಿಗೆ ಅಂಟಿಕೊಂಡಿರುವುದು ಆರೇಳು ವರ್ಷದವರಲ್ಲಿ ಶೇ 63ರಷ್ಟಿದ್ದು, ಹದಿಹರೆಯದ ಕೊನೆಗೆ ಶೇ 3ರಷ್ಟೇ ಉಳಿದಿತ್ತು. ನಾಲ್ಕು ವರ್ಷದ ಮಗನ ಚರ್ಮ ಹಿಂದೆ ಹೋಗುತ್ತಿಲ್ಲವೆಂದು ನಿದ್ದೆಗೆಟ್ಟು ಕೂತಿರುವ ತಾಯಂದಿರು ಈ ಅಂಕಿಗಳನ್ನು ದಯವಿಟ್ಟು ಇನ್ನೊಮ್ಮೆ ಓದಬೇಕು.

ಬಾಣಂತನದ ಮನೆಯಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರ ಕೈಗುಣದ ಬಗ್ಗೆ ನನಗೆ ಗೌರವವಿದೆ. ಕಾಲು ನೀಡಿ ಕೂತು, ಮೊಣಕಾಲುಗಳ ನಡುವೆ ಮಗುವನ್ನು ಮಲಗಿಸಿಕೊಂಡು, ಬೆಚ್ಚಗಿನ ಎಣ್ಣೆಯಲ್ಲಿ ಕೈಕಾಲು ನೀವುವ ಆ ಆರೈಕೆ ನಮ್ಮ ಮಕ್ಕಳಿಗೆ ಸಿಕ್ಕ ಭಾಗ್ಯ. ಆದರೆ ಅದೇ ಹೊತ್ತಿನಲ್ಲಿ, ‘ಈಗಲೇ ಬಿಡಿಸದಿದ್ದರೆ ಮುಂದೆ ಕೂಡಿಕೊಂಡುಬಿಡುತ್ತದೆ’ ಎನ್ನುತ್ತಾ ಎರಡು ಬೆರಳುಗಳಲ್ಲಿ ಮುಂದೊಗಲನ್ನು ದಿನಾ ಒಂದಿಷ್ಟು ಹಿಂದಕ್ಕೆ ಜಗ್ಗುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಕೆಲವು ಕಡೆ ವೈದ್ಯರು, ದಾದಿಯರೇ ಹಾಗೆ ಮಾಡಲು ಹೇಳಿ ಕಳಿಸುತ್ತಾರೆ. ತಾನಾಗಿ ಬೇರ್ಪಡದ ಎರಡು ಪದರಗಳನ್ನು ಬಲವಂತವಾಗಿ ಎಳೆದಾಗ ಅವು ಬಿಡುವುದಿಲ್ಲ, ಹರಿಯುತ್ತವೆ. ಮಗು ಕಿರುಚುವುದೂ ಬಟ್ಟೆಯ ಮೇಲೆ ಒಂದೆರಡು ಹನಿ ರಕ್ತ ಕಾಣುವುದೂ ಅದರಿಂದಲೇ. ಆ ಗಾಯ ಮಾಯುವಾಗ ಚರ್ಮದ ಬಾಯಿಯ ಸುತ್ತ ಗಟ್ಟಿಯಾದ ಕಲೆ ಕಟ್ಟಿಕೊಂಡು, ತನ್ನಷ್ಟಕ್ಕೆ ಬಿಟ್ಟಿದ್ದರೆ ಸರಿಹೋಗುತ್ತಿದ್ದ ಮಗುವಿಗೆ ನಿಜವಾದ ರೋಗವೇ ಬರುತ್ತದೆ. ಶಸ್ತ್ರಚಿಕಿತ್ಸೆಗೆಂದು ಕರೆತಂದ ಎಷ್ಟೋ ಮಕ್ಕಳ ತಾಯಂದಿರನ್ನು ವಿಚಾರಿಸಿದಾಗ, ಮೊದಲ ವರ್ಷದಲ್ಲಿ ಹೀಗೆ ಎಳೆಸಿದ ಕತೆ ಹೊರಬರುತ್ತಿತ್ತು. ಹೊರಗಿನಿಂದ ಬರೀ ನೀರಿನಲ್ಲಿ ತೊಳೆದರೆ ಸಾಕು. ಹುಡುಗ ದೊಡ್ಡವನಾಗಿ, ಚರ್ಮ ತಾನಾಗಿ ಸರಿಯತೊಡಗಿದ ಮೇಲೆ, ಸ್ನಾನ ಮಾಡುವಾಗ ನೋವಾಗದಷ್ಟು ಹಿಂದೆ ಸರಿಸಿ, ತೊಳೆದು, ತಪ್ಪದೆ ಮತ್ತೆ ಮುಂದಕ್ಕೆ ತರುವುದನ್ನು ಅವನಿಗೇ ಕಲಿಸಬೇಕು.

ಚರ್ಮದಡಿ ಬಿಳಿಯ ಸಣ್ಣ ಗಂಟುಗಳು ಕಂಡರೆ ಕೀವು ಎಂದು ಹೆದರಬೇಕಿಲ್ಲ. ಪದರಗಳು ಬೇರೆಯಾಗುವಾಗ ಉದುರಿದ ಜೀವಕೋಶಗಳು ಹಾಗೆ ಸೇರಿಕೊಂಡಿರುತ್ತವೆ. ಮೂತ್ರ ಹೋಗುವಾಗ ಚರ್ಮ ಒಂದು ಕ್ಷಣ ಉಬ್ಬಿ ಇಳಿಯುವುದು, ಧಾರೆ ಸರಿಯಾಗಿದ್ದರೆ, ಅಷ್ಟಕ್ಕೇ ಶಸ್ತ್ರಚಿಕಿತ್ಸೆಗೆ ಕಾರಣವಾಗುವುದಿಲ್ಲ. ಆದರೆ ಮೂತ್ರ ಹನಿಹನಿಯಾಗಿ ಹೋಗುವುದು, ಮಗು ತಿಣುಕುವುದು, ತುದಿ ಮತ್ತೆ ಮತ್ತೆ ಕೆಂಪಾಗಿ ಊದಿ ಕೀವು ಸುರಿಯುವುದು, ಜ್ವರದೊಂದಿಗೆ ಮೂತ್ರದ ಸೋಂಕು ಮರುಕಳಿಸುವುದು ಇವು ವೈದ್ಯರಿಗೆ ತೋರಿಸಲೇಬೇಕಾದ ಸಂಗತಿಗಳು. ಅನುಭವಿ ವೈದ್ಯರು ಚರ್ಮವನ್ನು ಹಿಂದಕ್ಕೆ ಜಗ್ಗದೆ, ಮೆಲ್ಲನೆ ಸರಿಸಿ ಅದರ ಬಾಯಿಯನ್ನಷ್ಟೇ ನೋಡುತ್ತಾರೆ. ಒಳಗಿನ ಗುಲಾಬಿ ಪದರ ಮೊಗ್ಗು ಬಿರಿದಂತೆ ಹೊರಗೆ ತೆರೆದುಕೊಂಡರೆ ಅದು ಸಹಜವಾದ ಬಿಗಿತ. ಹಾಗೆ ಬಿರಿಯದೆ, ಬಿಳಿಚಿಕೊಂಡ ಗಡಸು ಉಂಗುರ ಕಂಡರೆ ಅದು ರೋಗ. ಲೈಕೆನ್ ಸ್ಕ್ಲೆರೋಸಸ್ ಎಂಬ ಚರ್ಮವ್ಯಾಧಿಯಿಂದ ಹೀಗಾಗಿದ್ದರೆ ಮುಂದೊಗಲನ್ನು ಪೂರ್ತಿ ತೆಗೆಯುವುದೇ ಸರಿಯಾದ ಚಿಕಿತ್ಸೆ, ಮುಂದೂಡುವುದರಿಂದ ಲಾಭವಿಲ್ಲ. ಸಹಜ ಬಿಗಿತವೇ ತೊಂದರೆ ಕೊಡುತ್ತಿದ್ದರೆ ಬೀಟಾಮೆಥಾಸೋನ್‌ನಂಥ ಸ್ಟಿರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಂತೆ ನಾಲ್ಕರಿಂದ ಎಂಟು ವಾರ ತೆಳುವಾಗಿ ಹಚ್ಚಿದರೆ ಬಹುಪಾಲು ಹುಡುಗರಿಗೆ ಕತ್ತರಿಯ ಅಗತ್ಯವೇ ಬೀಳುವುದಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟಿರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಎಲ್ಲವನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಮುಲಾಮುಗಳ ಬಗ್ಗೆ ನಾನು ಹೇಳುತ್ತಿಲ್ಲ. ಅವನ್ನು ಮಕ್ಕಳ ಈ ಭಾಗಕ್ಕೆ ಹಚ್ಚಲೇಬಾರದು.

ಕಾಯಬಹುದಾದ ಕಡೆ ಕಾಯಿರಿ ಎಂದು ನಾನು ಒತ್ತಿ ಹೇಳುವುದಕ್ಕೆ 1966ರಲ್ಲಿ ಕೆನಡಾದ ವಿನಿಪೆಗ್ ನಗರದಲ್ಲಿ ನಡೆದ, ಜಗತ್ತಿನ ವೈದ್ಯಲೋಕವೆಲ್ಲ ಬಲ್ಲ ಪ್ರಕರಣವೊಂದು ಕಾರಣ. ಮೂತ್ರ ಹೋಗಲು ತೊಂದರೆಯಾಗುತ್ತಿದೆ ಎಂದು ಇಬ್ಬರು ಅವಳಿ ಗಂಡುಶಿಶುಗಳಿಗೆ ಸುನ್ನತಿ ನಿಗದಿಯಾಗಿತ್ತು. ಮೊದಲ ಮಗುವಿಗೆ ವಿದ್ಯುತ್ ಉಪಕರಣದಿಂದ ಶಸ್ತ್ರಚಿಕಿತ್ಸೆ ಮಾಡುವಾಗ ಶಿಶ್ನವೇ ಸುಟ್ಟುಹೋಯಿತು. ಆ ಮಗುವನ್ನು ಹೆಣ್ಣಾಗಿ ಬೆಳೆಸುವ ತೀರ್ಮಾನವಾಯಿತು, ಆಮೇಲೆ ಆ ಜೀವ ಪಟ್ಟ ಸಂಕಟ ದೊಡ್ಡದು. ದೊಡ್ಡವನಾದ ಮೇಲೆ ಗಂಡಾಗಿಯೇ ಬಾಳಿದ ಆತ 2004ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಶಸ್ತ್ರಚಿಕಿತ್ಸೆ ಮಾಡದೆ ಬಿಟ್ಟ ಎರಡನೆಯ ಮಗುವಿನ ತೊಂದರೆ ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿ ಸರಿಹೋಯಿತು. ಇಂಥ ಅವಘಡ ತೀರಾ ಅಪರೂಪ, ನಿಜ. ಆದರೂ ಶಿಶ್ನದಂಥ ಕಿರಿದಾದ ಅಂಗದಲ್ಲಿ ಒಂದೇ ಧ್ರುವದ ವಿದ್ಯುತ್ ಕೌಟರಿಯನ್ನು (ಶಾಖದಿಂದ ಸುಟ್ಟು ಕತ್ತರಿಸುವ ಉಪಕರಣ) ಬಳಸಿದರೆ ಬುಡದಲ್ಲಿ ಶಾಖ ಒಟ್ಟಾಗುತ್ತದೆ ಎಂಬುದನ್ನೂ, ಲೋಹದ ಕ್ಲ್ಯಾಂಪ್ ಹಾಕಿರುವಾಗ ಅದನ್ನು ಮುಟ್ಟಿಸಲೇಬಾರದು ಎಂಬುದನ್ನೂ ಇವತ್ತಿಗೂ ಕಿರಿಯ ವೈದ್ಯರಿಗೆ ಹೇಳಿಕೊಡಬೇಕಾಗಿದೆ.

ಹಾಗಾದರೆ ಹಸುಗೂಸಿಗೆ ಸುನ್ನತಿ ಮಾಡಿಸುವುದರಿಂದ ಲಾಭವೇ ಇಲ್ಲವೇ ಎಂದರೆ, ಇದೆ. ಮೊದಲ ವರ್ಷದಲ್ಲಿ ಬರುವ ಮೂತ್ರದ ಸೋಂಕು ಖಂಡಿತ ಕಡಿಮೆಯಾಗುತ್ತದೆ. ಆದರೆ ಆರೋಗ್ಯವಂತ ಗಂಡುಶಿಶುಗಳಲ್ಲಿ ಈ ಸೋಂಕು ಬರುವುದೇ ನೂರಕ್ಕೆ ಸುಮಾರು ಒಂದಕ್ಕೆ. ಹೀಗಾಗಿ ಒಂದು ಸೋಂಕನ್ನು ತಪ್ಪಿಸಲು ಸುಮಾರು 111 ಶಿಶುಗಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ ಎಂದು 2005ರ ಒಂದು ವಿಶ್ಲೇಷಣೆ ಲೆಕ್ಕ ಹಾಕಿತು. ಹುಟ್ಟಿನಿಂದಲೇ ಮೂತ್ರ ಮೂತ್ರಪಿಂಡದ ಕಡೆಗೆ ಹಿಮ್ಮುಖವಾಗಿ ಹರಿಯುವ, ಅಥವಾ ಮೂತ್ರನಾಳದೊಳಗೆ ಅಡ್ಡಪೊರೆ ಇರುವ ಶಿಶುಗಳಿಗೆ ಈ ಲೆಕ್ಕ ಬೇರೆ. ಅಂಥ ಮಗುವಿನ ಮೂತ್ರಪಿಂಡ ಉಳಿಸಲು ಮಕ್ಕಳ ಶಸ್ತ್ರವೈದ್ಯರು ಸುನ್ನತಿ ಸೂಚಿಸಿದರೆ, ಮನೆಯವರ ಧರ್ಮ ಯಾವುದೇ ಇರಲಿ, ಹಿಂಜರಿಯಬಾರದು.

ಅಮೆರಿಕದಲ್ಲಿರುವ ಮಗಳ, ಸೊಸೆಯ ಬಾಣಂತನಕ್ಕೆಂದು ಹೋದ ನಮ್ಮ ಹಿರಿಯರಿಗೆ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಹೆರಿಗೆಯಾದ ಮರುದಿನವೇ ‘ಸುನ್ನತಿ ಬೇಕೇ, ಬೇಡವೇ’ ಎಂದು ದಾದಿ ಬಂದು ಕೇಳುತ್ತಾಳೆ. ಮನೆಗೆ ಬಿಡುವ ಮೊದಲು ಉತ್ತರ ಹೇಳಬೇಕು. ಅಲ್ಲಿ ಈಗಲೂ ಸುಮಾರು ಅರ್ಧದಷ್ಟು ಗಂಡುಶಿಶುಗಳಿಗೆ ಅದು ನಡೆಯುವುದರಿಂದ, ಕಡ್ಡಾಯವಿರಬೇಕೆಂದು ತಿಳಿದು ಒಪ್ಪಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಕಡ್ಡಾಯವಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2012ರಲ್ಲಿ, ಲಾಭಗಳು ಅಪಾಯಗಳಿಗಿಂತ ಹೆಚ್ಚಾಗಿದ್ದರೂ ಎಲ್ಲ ಶಿಶುಗಳಿಗೂ ಶಿಫಾರಸು ಮಾಡುವಷ್ಟು ದೊಡ್ಡವಲ್ಲ, ತೀರ್ಮಾನ ತಂದೆತಾಯಿಗೆ ಬಿಟ್ಟದ್ದು ಎಂದಿತು. ನೆದರ್‌ಲ್ಯಾಂಡ್ಸ್‌ನ ವೈದ್ಯರ ಸಂಘ 2010ರಲ್ಲಿ ಇದಕ್ಕೆ ತೀರಾ ವಿರುದ್ಧವಾದ ನಿಲುವು ತಳೆದು, ವೈದ್ಯಕೀಯ ಕಾರಣವಿಲ್ಲದೆ ಮಕ್ಕಳಿಗೆ ಇದನ್ನು ಮಾಡದಂತೆ ಮನವೊಲಿಸಬೇಕು ಎಂದಿತು. ಒಂದೇ ಪುರಾವೆಯನ್ನು ನೋಡಿ ಎರಡು ದೇಶಗಳ ವೈದ್ಯರು ಇಷ್ಟು ಬೇರೆಯಾಗಿ ಯೋಚಿಸಿದ್ದಾರೆಂದರೆ, ಎರಡು ದಿನದ ಮಗುವಿನ ತಾಯಿ ಅವಸರದಲ್ಲಿ ಸಹಿ ಹಾಕಬೇಕಾದ ಒತ್ತಡವೇನೂ ಇಲ್ಲ.

ಈಗ ಧಾರ್ಮಿಕ ಆಚರಣೆಯಾಗಿ ಸುನ್ನತಿ ಮಾಡಿಸುವ ಕುಟುಂಬಗಳ ವಿಷಯ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ 12.92ರಷ್ಟಿದ್ದಾರೆ. ಅವರ ಮನೆಗಳಲ್ಲಿ ಇದು ನಂಬಿಕೆಯ ವಿಷಯ. ಆ ನಂಬಿಕೆಯನ್ನು ಪ್ರಶ್ನಿಸುವುದು ನನ್ನ ಉದ್ದೇಶವಲ್ಲ. ಮಕ್ಕಳ ಸುನ್ನತಿಯನ್ನು ಕಾನೂನುಬಾಹಿರವೆಂದು ಘೋಷಿಸಬೇಕೆಂದು ಕೋರಿದ್ದ ಅರ್ಜಿಯನ್ನು ಕೇರಳ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ವಜಾ ಮಾಡಿದೆ. ಮಾಡಿಸುವವರು ಮಗುವಿಗೆ ಅಪಾಯವಾಗದಂತೆ ಮಾಡಿಸಲಿ ಎಂಬುದಷ್ಟೇ ನನ್ನ ಬೇಡಿಕೆ. ಹಿಂದೆ ಮನೆಗೆ ಬರುತ್ತಿದ್ದ ಸಾಂಪ್ರದಾಯಿಕ ಹಜಾಮರು ಬಿದಿರ ಸೀಳು, ಕ್ಷೌರದ ಕತ್ತಿ, ಸುಟ್ಟ ಬಟ್ಟೆಯ ಬೂದಿಯಲ್ಲೇ ಕೆಲಸ ಮುಗಿಸುತ್ತಿದ್ದ ಕಾಲ ಬಹುಮಟ್ಟಿಗೆ ಹೋಗಿದೆ, ಒಳ್ಳೆಯದಾಯಿತು. ಆದರೆ ಶಿಬಿರಗಳಲ್ಲಿ ಸಾಲಾಗಿ ಮಲಗಿಸಿದ ಮಕ್ಕಳಿಗೆ ಗಡಿಬಿಡಿಯಲ್ಲಿ ಕತ್ತರಿ ಹಾಕುವುದು ಅದಕ್ಕಿಂತ ಬಹಳ ಮೇಲೇನೂ ಅಲ್ಲ. ಪ್ರತಿ ಮಗುವಿಗೂ ಬೇರೆಯಾಗಿ ಶುದ್ಧೀಕರಿಸಿದ ಉಪಕರಣ, ಕತ್ತರಿಸುವ ಮೊದಲು ಒಂದು ಪರೀಕ್ಷೆ, ಸಾಕಷ್ಟು ಅರಿವಳಿಕೆ, ರಾತ್ರಿ ರಕ್ತ ಸುರಿದರೆ ಕರೆ ಮಾಡಲು ಒಂದು ದೂರವಾಣಿ ಸಂಖ್ಯೆ ಇವಿಷ್ಟೂ ಇಲ್ಲದ ಶಿಬಿರಕ್ಕೆ ಮಗುವನ್ನು ಕರೆದೊಯ್ಯಬೇಡಿ.

ಕತ್ತರಿಸುವ ಮೊದಲಿನ ಆ ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸರಿಪಡಿಸಲಾಗದ ಹಾನಿ ಆಗುವುದು ಅದನ್ನು ಬಿಟ್ಟಾಗಲೇ. ಸುಮಾರು ಮುನ್ನೂರು ಗಂಡುಮಕ್ಕಳಲ್ಲಿ ಒಂದು ಮಗುವಿಗೆ ಮೂತ್ರದ ರಂಧ್ರ ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಇದನ್ನು ಹೈಪೋಸ್ಪೇಡಿಯಾಸ್ ಎನ್ನುತ್ತೇವೆ. ಇಂಥ ಮಗುವಿನ ಮುಂದೊಗಲು ಸಾಮಾನ್ಯವಾಗಿ ಕೆಳಗಡೆ ಅರ್ಧ ಇಲ್ಲದೆ ಮೇಲ್ಗಡೆ ಮುಸುಕಿನಂತೆ ಇಳಿಬಿದ್ದಿರುತ್ತದೆ. ಹಳಬರು ಇದನ್ನು ‘ಹುಟ್ಟಾ ಸುನ್ನತಿ ಆದ ಮಗು’ ಎಂದು ಸಂತೋಷಪಡುವುದೂ, ಉಳಿದ ಚರ್ಮವನ್ನು ತೆಗೆಸಿ ಶಾಸ್ತ್ರ ಮುಗಿಸುವುದೂ ಉಂಟು. ಮುಂದೆ ಮೂತ್ರನಾಳವನ್ನು ತುದಿಯವರೆಗೆ ಕಟ್ಟಲು ಶಸ್ತ್ರವೈದ್ಯರಿಗೆ ಬೇಕಾಗುವುದು ಅದೇ ಚರ್ಮ. ಅದನ್ನು ಕತ್ತರಿಸಿ ಎಸೆದರೆ ಬಾಯಿಯ ಒಳಪದರದಿಂದಲೋ ಬೇರೆಡೆಯಿಂದಲೋ ಚರ್ಮ ತಂದು ಹಂತಹಂತವಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು. ಶಿಶ್ನ ಬಾಗಿರುವ, ಅಥವಾ ಕೊಬ್ಬಿನೊಳಗೆ ಹುದುಗಿರುವ ಮಕ್ಕಳಲ್ಲೂ ಸಾಮಾನ್ಯ ಸುನ್ನತಿ ಮಾಡಬಾರದು. ಮಕ್ಕಳ ಶಸ್ತ್ರವೈದ್ಯರು ಮೊದಲು ನೋಡಲಿ.

ಎರಡನೆಯದು ರಕ್ತಸ್ರಾವ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಆನುವಂಶಿಕ ಕಾಯಿಲೆಯಿರುವ ಎಷ್ಟೋ ಮಕ್ಕಳ ರೋಗ ಪತ್ತೆಯಾಗುವುದೇ ಸುನ್ನತಿಯ ರಾತ್ರಿ, ಹಾಸಿಗೆ ಒದ್ದೆಯಾದಾಗ. ಹದಿನೈದು ನೂರು ವರ್ಷಗಳಿಗೂ ಹಿಂದೆ ರೂಪುಗೊಂಡ ಯಹೂದಿಯರ ತಾಲ್ಮುಡ್ ಗ್ರಂಥದಲ್ಲೇ, ಸುನ್ನತಿಯಿಂದ ಇಬ್ಬರು ಮಕ್ಕಳು ತೀರಿಕೊಂಡ ತಾಯಿಯ ಮೂರನೆಯ ಮಗನಿಗೆ ಅದನ್ನು ಮಾಡಬಾರದು ಎಂಬ ವಿಧಿಯಿದೆ. ಎಂಟನೆಯ ದಿನದ ಸುನ್ನತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಸಮುದಾಯವೇ ಮಗುವಿನ ಜೀವಕ್ಕಾಗಿ ಆಚರಣೆಯನ್ನು ಬಿಟ್ಟುಕೊಡಲು ಒಪ್ಪಿತ್ತು ಎಂಬುದು ನನಗೆ ತುಂಬಾ ಮಹತ್ವದ್ದಾಗಿ ಕಾಣುತ್ತದೆ. ತಾಯಿಯ ತಮ್ಮನಿಗೋ ಅಣ್ಣನಿಗೋ, ಮಗುವಿನ ಅಣ್ಣನಿಗೋ ಹಲ್ಲು ಕಿತ್ತಾಗ ರಕ್ತ ನಿಲ್ಲದಿದ್ದ, ಮೊಣಕಾಲಿನ ಕೀಲು ಪದೇ ಪದೇ ಊದುತ್ತಿದ್ದ ಇತಿಹಾಸವಿದ್ದರೆ ಮೊದಲೇ ವೈದ್ಯರಿಗೆ ಹೇಳಿ. ಹಿಮೋಫಿಲಿಯಾ ಇದೆಯೆಂದು ಗೊತ್ತಾದರೂ, ಕೊರತೆಯಿರುವ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಅಂಶ) ಕೊಟ್ಟು, ರಕ್ತರೋಗ ತಜ್ಞರ ಕಣ್ಗಾವಲಿನಲ್ಲಿ ಸುರಕ್ಷಿತವಾಗಿ ಮಾಡಲು ಸಾಧ್ಯವಿದೆ. ನಮ್ಮ ರಾಜ್ಯದಲ್ಲೇ, ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇಂಥ ಕುಟುಂಬಗಳಿಗಾಗಿ ದೀರ್ಘಕಾಲದಿಂದ ದುಡಿಯುತ್ತಿದೆ.

ಮಗು ಚಿಕ್ಕದು, ನೋವು ಗೊತ್ತಾಗುವುದಿಲ್ಲ ಎಂಬ ಮಾತನ್ನು ವೈದ್ಯರ ಬಾಯಲ್ಲೇ ಕೇಳಿದ್ದೇನೆ. ಅದು ಸುಳ್ಳು. ಅರಿವಳಿಕೆಯಿಲ್ಲದೆ ಸುನ್ನತಿಯಾದ ಶಿಶುಗಳು ನಾಲ್ಕಾರು ತಿಂಗಳ ನಂತರ ಲಸಿಕೆಯ ಸೂಜಿಗೂ ಉಳಿದ ಮಕ್ಕಳಿಗಿಂತ ಹೆಚ್ಚು ನೋವಿನಿಂದ ಪ್ರತಿಕ್ರಿಯಿಸುತ್ತವೆ ಎಂದು ಕೆನಡಾದ ಸಂಶೋಧಕರು 1997ರಲ್ಲೇ ತೋರಿಸಿದ್ದಾರೆ. ಶಿಶ್ನದ ಬುಡದಲ್ಲಿ ನರಕ್ಕೆ ಕೊಡುವ ಮರಗಟ್ಟಿಸುವ ಚುಚ್ಚುಮದ್ದು ಕಷ್ಟದ ವಿದ್ಯೆಯೇನಲ್ಲ. ಇನ್ನು ವಯಸ್ಸಿನ ಪ್ರಶ್ನೆ: ಮಾಡಿಸುವುದೇ ನಿಶ್ಚಯವಾಗಿದ್ದರೆ, ತಿಂಗಳು ತುಂಬಿ ಹುಟ್ಟಿದ ಆರೋಗ್ಯವಂತ ಮಗುವಿಗೆ ಮೊದಲ ಕೆಲವು ವಾರಗಳಲ್ಲಿ ಮಾಡಿಸುವುದು ಸುಲಭ. ಅಮೆರಿಕದಲ್ಲಿ ಹದಿನಾಲ್ಕು ಲಕ್ಷ ಸುನ್ನತಿಗಳ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ನವಜಾತರಲ್ಲಿ ತೊಡಕುಗಳು ಶೇ ಅರ್ಧಕ್ಕಿಂತ ಕಡಿಮೆಯಿದ್ದರೆ, ಒಂದರಿಂದ ಒಂಬತ್ತು ವರ್ಷದವರಲ್ಲಿ ಅದರ ಇಪ್ಪತ್ತು ಪಟ್ಟಿನಷ್ಟು ಕಂಡುಬಂದವು. ನಮ್ಮಲ್ಲಿ ಬಹುಪಾಲು ಸುನ್ನತಿಗಳು ನಡೆಯುವುದು ಈ ಎರಡನೆಯ ವಯಸ್ಸಿನಲ್ಲಿ, ಶಾಲೆಯ ರಜೆ ನೋಡಿಕೊಂಡು. ಆ ವಯಸ್ಸಿನ ಹುಡುಗನಿಗೆ ಏನು ನಡೆಯಲಿದೆ ಎಂಬುದನ್ನು ಮೊದಲೇ ನಿಜ ಹೇಳಿ ತಿಳಿಸಿ. ಮಿಠಾಯಿ ಕೊಡಿಸುತ್ತೇವೆಂದು ನಂಬಿಸಿ ಕರೆತಂದ ಮಕ್ಕಳು ಮೇಜಿನ ಮೇಲೆ ಹೆತ್ತವರ ಮುಖ ನೋಡುವ ರೀತಿಯನ್ನು ನಾನು ಬಲ್ಲೆ, ಅದು ಬೇಡ.

ಇಷ್ಟು ಮಕ್ಕಳ ಬಗ್ಗೆ. ವಯಸ್ಕರ ವಿಷಯಕ್ಕೆ ಬಂದಾಗ ನನ್ನ ಸಲಹೆ ಬಹುತೇಕ ತಿರುಗುಮುರುಗಾಗುತ್ತದೆ: ಇಲ್ಲಿ ಕಾಯಬೇಡಿ.

ಹಿಂದೆ ಸಲೀಸಾಗಿ ಸರಿಯುತ್ತಿದ್ದ ಮುಂದೊಗಲು ನಲವತ್ತು, ಐವತ್ತರ ವಯಸ್ಸಿನಲ್ಲಿ ಬಿಗಿಯಾಗತೊಡಗಿತು, ಅಂಚಿನಲ್ಲಿ ಉದ್ದುದ್ದ ಬಿರುಕುಗಳು ಬಂದವು, ತುರಿಕೆಯಿದೆ ಎಂದರೆ ಮೊದಲು ಮಾಡಿಸಬೇಕಾದದ್ದು ರಕ್ತದ ಸಕ್ಕರೆಯ ಪರೀಕ್ಷೆ. ಎಷ್ಟೋ ಗಂಡಸರಲ್ಲಿ ಮಧುಮೇಹದ ಮೊದಲ ಸುಳಿವೇ ಇದು. ಮೂತ್ರದಲ್ಲಿ ಹೋಗುವ ಸಕ್ಕರೆಯಿಂದ ಆ ಜಾಗದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಚರ್ಮ ಒಡೆದು ಮಾಯುತ್ತಾ ಕುಗ್ಗುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆಗಳು ಹೃದಯಕ್ಕೂ ಮೂತ್ರಪಿಂಡಕ್ಕೂ ಒಳ್ಳೆಯದು ಮಾಡುವ ಉತ್ತಮ ಔಷಧಗಳು. ಆದರೆ ಅವು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರಕ್ಕೆ ಹರಿಯಬಿಟ್ಟು. ಈಗ ಅಗ್ಗದ ಬೆಲೆಗೆ ಸಿಗುವ ಈ ಮಾತ್ರೆಗಳನ್ನು ಬರೆಯುವಾಗ, ಮೂತ್ರ ಮಾಡಿದ ಮೇಲೆ ಜಾಗವನ್ನು ತೊಳೆದು ಒಣಗಿಸಿಕೊಳ್ಳಿ, ತುರಿಕೆ ಬಂದರೆ ತಿಳಿಸಿ ಎಂಬ ಎರಡು ಮಾತು ಹೇಳಲು ವೈದ್ಯರಿಗೆ ಪುರುಸೊತ್ತಾಗಬೇಕು. ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಬಾರದು.

ಒಬ್ಬ ಹಿರಿಯ ರೈತರು ನೆನಪಾಗುತ್ತಾರೆ. ಮೂತ್ರ ಕಟ್ಟಿಕೊಂಡು ಹೊಟ್ಟೆ ಉಬ್ಬಿದ ಸ್ಥಿತಿಯಲ್ಲಿ ಮಗ ಕರೆತಂದಿದ್ದ. ಚರ್ಮದ ಬಾಯಿ ಸೂಜಿಯ ಮೊನೆಯಷ್ಟೇ ಉಳಿದಿತ್ತು; ಸಕ್ಕರೆ ಮುನ್ನೂರು ದಾಟಿತ್ತು. ಎಷ್ಟು ದಿನದಿಂದ ಎಂದರೆ ಬಾಯಿ ಬಿಡಲಿಲ್ಲ. ಮಗನನ್ನು ಹೊರಗೆ ಕಳಿಸಿದ ಮೇಲೆ ತಗ್ಗಿದ ದನಿಯಲ್ಲಿ, ‘ಕೊಯ್ಯಿಸಿಕೊಂಡರೆ ನಮ್ಮ ಕುಲಕ್ಕೆ ಬಾಧೆ ಇಲ್ಲವೇನ್ರಿ, ಸತ್ತಾಗ ಮೈ ತೊಳೆಯೋರು ನೋಡ್ತಾರಲ್ರಿ’ ಎಂದರು. ಈ ಭಯ ಅವರೊಬ್ಬರದಲ್ಲ. ಅಂಥವರಿಗೆ ನಾನು ಸುಶ್ರುತ ಸಂಹಿತೆಯ ಮಾತು ಹೇಳುತ್ತಿದ್ದೆ. ಮುಂದೊಗಲು ಕಟ್ಟಿಕೊಂಡು ಮೂತ್ರ ತಡೆಯುವ ನಿರುದ್ಧಪ್ರಕಾಶ, ಹಿಂದೆ ಸರಿದದ್ದು ಮುಂದೆ ಬಾರದ ಪರಿವರ್ತಿಕಾ, ಬಲವಂತದಿಂದ ಚರ್ಮ ಹರಿಯುವ ಅವಪಾಟಿಕಾ ಈ ಮೂರನ್ನೂ ಸುಶ್ರುತ ಬೇರೆ ಬೇರೆ ರೋಗಗಳೆಂದು ಗುರುತಿಸಿದ್ದಾನೆ; ಮೊದಲನೆಯದಕ್ಕೆ ಎರಡೂ ಕಡೆ ಬಾಯಿರುವ ಲೋಹದ ಅಥವಾ ಮರದ ನಳಿಗೆಯನ್ನು ತುಪ್ಪ ಸವರಿ ಒಳಗಿಟ್ಟು, ಮೂರು ಮೂರು ದಿನಕ್ಕೆ ದಪ್ಪನೆಯದನ್ನು ಹಾಕುತ್ತಾ ಹಿಗ್ಗಿಸಬೇಕೆಂದು ಚಿಕಿತ್ಸೆಯನ್ನೂ ಹೇಳಿದ್ದಾನೆ. ರೋಗಕ್ಕೆ ಜಾತಿಯಿಲ್ಲದ ಮೇಲೆ ಚಿಕಿತ್ಸೆಗೂ ಇಲ್ಲ ಎಂದಾಗ ಆ ಹಿರಿಯರು ಒಪ್ಪಿದರು, ಗುಣವಾಗಿ ಮನೆಗೆ ಹೋದರು.

ಎಲ್ಲರಿಗೂ ಅಷ್ಟು ಸಮಯ ಸಿಗುವುದಿಲ್ಲ. ಬಿಗಿದ ಮುಂದೊಗಲಿನಡಿ ವರ್ಷಗಟ್ಟಲೆ ಉರಿಯೂತವಿದ್ದವರಲ್ಲಿ ಶಿಶ್ನದ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಕ್ಯಾನ್ಸರ್ ಅಪರೂಪದ್ದೇ, ಆದರೆ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ತೊಡೆಸಂದಿಯ ಗಡ್ಡೆ ಊದಿ ಒಡೆದ ಮೇಲೆ ಬರುವವರನ್ನು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಕಳಿಸುವುದಷ್ಟೇ ನಮ್ಮಂಥವರಿಗೆ ಉಳಿಯುತ್ತಿತ್ತು. ಅಲ್ಲಿ ಅಂಗದ ಒಂದು ಭಾಗವನ್ನೋ ಇಡೀ ಅಂಗವನ್ನೋ ತೆಗೆಯಬೇಕಾದ ಸ್ಥಿತಿ. ಮುಂದೊಗಲಿನಡಿ ಗಂಟು, ಮಾಯದ ಹುಣ್ಣು, ರಕ್ತ ಬೆರೆತ ಸ್ರಾವ, ದುರ್ವಾಸನೆ ಇದ್ದರೆ ಅದೇ ವಾರ ವೈದ್ಯರಿಗೆ ತೋರಿಸಿ. ಅಲ್ಲಿ ತೆಗೆದ ಚರ್ಮವನ್ನು ಎಸೆಯದೆ ಪ್ರಯೋಗಾಲಯದ ಪರೀಕ್ಷೆಗೆ ಕಳಿಸಿ ಎಂದು ನೀವೇ ಕೇಳಿ.

ಇನ್ನೊಂದು ತುರ್ತು ಸ್ಥಿತಿಯನ್ನು ಪ್ರತಿಯೊಂದು ಮನೆಯೂ ತಿಳಿದಿರಬೇಕು. ಹಿಂದೆ ಸರಿಸಿದ ಮುಂದೊಗಲು ಮತ್ತೆ ಮುಂದೆ ಬಾರದೆ ಸಿಕ್ಕಿಕೊಂಡರೆ ಉಂಗುರದಂತೆ ಬಿಗಿದು, ತುದಿ ಊದಿಕೊಳ್ಳುತ್ತದೆ. ಗಂಟೆಗಳು ಕಳೆದಂತೆ ರಕ್ತಸಂಚಾರ ನಿಲ್ಲುವ ಅಪಾಯವಿದೆ. ಬೆಳಗಾಗಲಿ ಎಂದು ಕೂರದೆ ಆಗಲೇ ಆಸ್ಪತ್ರೆಗೆ ಹೋಗಬೇಕು. ಹೆಚ್ಚಿನ ಸಂದರ್ಭಗಳಲ್ಲಿ ವೈದ್ಯರು ಊತವನ್ನು ಒತ್ತಿ ಇಳಿಸಿ ಕೈಯಿಂದಲೇ ಸರಿಪಡಿಸುತ್ತಾರೆ. ಹಾಸಿಗೆ ಹಿಡಿದ ವೃದ್ಧರಿಗೆ ಮೂತ್ರದ ನಳಿಕೆ ಹಾಕಿದ ಮೇಲೆ ಚರ್ಮವನ್ನು ಮುಂದಕ್ಕೆ ತರಲು ಸಿಬ್ಬಂದಿ ಮರೆಯುವುದರಿಂದಲೂ ಹೀಗಾಗುತ್ತದೆ. ಮಾತಾಡಲಾರದ ಅಪ್ಪನನ್ನು ನೋಡಿಕೊಳ್ಳುವ ಮಗ, ಸ್ನಾನ ಮಾಡಿಸುವಾಗ ಇದನ್ನು ಗಮನಿಸಬೇಕು.

ವಯಸ್ಕರ ಶಸ್ತ್ರಚಿಕಿತ್ಸೆ ಮರಗಟ್ಟಿಸುವ ಚುಚ್ಚುಮದ್ದಿನಲ್ಲೇ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ, ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಹೊ‌ಲಿಗೆ ತಾನಾಗಿ ಕರಗುತ್ತದೆ. ಮೊದಲ ವಾರ ರಾತ್ರಿಯ ಸಹಜ ನೆಟ್ಟಗಾಗುವಿಕೆಯಿಂದ ನೋವಾಗುತ್ತದೆ ಎಂಬುದನ್ನು ಯಾರೂ ಮೊದಲೇ ಹೇಳುವುದಿಲ್ಲ, ಹೇಳಬೇಕು. ಗಾಯ ಒಣಗಿದಂತೆ ಕಂಡರೂ ಆರು ವಾರ ಲೈಂಗಿಕ ಸಂಪರ್ಕ ಬೇಡ. ಮದುವೆ ಗೊತ್ತಾದ ಹುಡುಗರು ಮುಹೂರ್ತಕ್ಕೆ ಹತ್ತು ದಿನ ಇರುವಾಗ ಓಡಿ ಬರುವುದಕ್ಕಿಂತ ತಿಂಗಳುಗಳ ಮುಂಚೆ ಬಂದರೆ, ಹಲವರಿಗೆ ಮುಲಾಮಿನಲ್ಲೇ, ಇನ್ನು ಕೆಲವರಿಗೆ ಕೆಳಗಿನ ಬಿಗಿಯಾದ ಎಳೆಯನ್ನಷ್ಟೇ ಸಡಿಲಿಸುವ ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಮುಗಿಯುತ್ತದೆ. ಲೈಂಗಿಕ ಸುಖ ಕಡಿಮೆಯಾಗುವುದೇ ಎಂಬುದು ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆ. ಕೀನ್ಯಾ ಮತ್ತು ಉಗಾಂಡಾಗಳಲ್ಲಿ ಸಾವಿರಾರು ಯುವಕರನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗಗಳಲ್ಲಿ ಅಂಥ ಇಳಿಕೆ ಕಾಣಲಿಲ್ಲ. ಕಡಿಮೆಯಾಯಿತು ಎನ್ನುವ ಅಧ್ಯಯನಗಳೂ ಇವೆ. ರೋಗದಿಂದ ನೋವು ತಿನ್ನುತ್ತಿದ್ದವರಿಗೆ ಶಸ್ತ್ರಚಿಕಿತ್ಸೆಯ ನಂತರ ದಾಂಪತ್ಯ ಸುಧಾರಿಸಿದ್ದನ್ನು ನಾನು ಕಂಡಿದ್ದೇನೆ. ಜಾಹೀರಾತುಗಳು ಹೇಳುವಂತೆ ಅದು ಶಕ್ತಿ ಹೆಚ್ಚಿಸುವ ಚಿಕಿತ್ಸೆಯಂತೂ ಅಲ್ಲ.

ಅದೇ ಜಾಹೀರಾತುಗಳು ‘ಎಚ್‌ಐವಿ ತಡೆಯುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ’ ಎನ್ನುತ್ತವೆ. ಅರ್ಧ ಸತ್ಯ. ದಕ್ಷಿಣ ಆಫ್ರಿಕಾದ ಆರೆಂಜ್ ಫಾರ್ಮ್, ಕೀನ್ಯಾದ ಕಿಸುಮು, ಉಗಾಂಡಾದ ರಾಕಾಯಿಗಳಲ್ಲಿ ನಡೆದ ಮೂರು ಪ್ರಯೋಗಗಳಲ್ಲಿ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವುದು ಸುಮಾರು ಶೇ 60ರಷ್ಟು ಇಳಿದದ್ದು ನಿಜ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದೂ ನಿಜ. ಆದರೆ ಆ ಕಾರ್ಯಕ್ರಮ ನಡೆದದ್ದು ಸೋಂಕು ಸಾಮಾನ್ಯ ಜನರಲ್ಲೇ ವ್ಯಾಪಕವಾಗಿ ಹರಡಿದ್ದ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳಲ್ಲಿ, ಭಾರತದಲ್ಲಲ್ಲ. ಸೋಂಕಿತ ಗಂಡಸಿನಿಂದ ಹೆಂಡತಿಗೆ ತಗಲುವುದನ್ನು ಅದು ತಡೆಯುವುದಿಲ್ಲ. ಕಾಂಡೋಮ್‌ನ ಬದಲಿಗೆ ಸ್ಟೇಪ್ಲರ್ ಉಪಕರಣದಿಂದ ಮಾಡುವ ಸುನ್ನತಿಯನ್ನು ಮಾರುವವರು ನಮ್ಮ ಯುವಕರಿಗೆ ದ್ರೋಹ ಮಾಡುತ್ತಿದ್ದಾರೆ.

ಆರೋಗ್ಯ ಇಲಾಖೆಗೆ ನನ್ನದೊಂದು ಮನವಿ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆಯರು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಹಲವು ಬಾರಿ ಮನೆಗೆ ಭೇಟಿ ಕೊಡುತ್ತಾರೆ. ಗಂಡುಮಗುವಿನ ಚರ್ಮವನ್ನು ಹಿಂದಕ್ಕೆ ಎಳೆಯಬೇಡಿ, ಹೊರಗಷ್ಟೇ ತೊಳೆಯಿರಿ ಎಂಬ ಮಾತನ್ನು ಆ ಭೇಟಿಗಳಲ್ಲಿ ತಾಯಿಗೂ, ನೀರು ಹಾಕುವ ಅಜ್ಜಿಗೂ ಹೇಳುವಂತೆ ತರಬೇತಿಯಲ್ಲಿ ಸೇರಿಸಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರಿಗೆ ನಡೆಯುವ ಮಧುಮೇಹ ತಪಾಸಣೆಯಲ್ಲಿ, ಮುಂದೊಗಲು ಮೊದಲಿನಂತೆ ಸರಿಯುತ್ತದೆಯೇ, ಅಲ್ಲಿ ಗಾಯ, ಗಂಟು ಇದೆಯೇ ಎಂದು ಗಂಡಸರನ್ನು ಕೇಳಬೇಕು. ಕೇಳುವವರು ಪುರುಷ ಸಿಬ್ಬಂದಿಯಾಗಿರಲಿ, ಬಾಗಿಲು ಹಾಕಿದ ಕೋಣೆಯಿರಲಿ. ಹೆಂಡತಿ ಮಕ್ಕಳ ಎದುರು ಕೇಳಿದರೆ ಏನೂ ತೊಂದರೆಯಿಲ್ಲ ಎಂದೇ ಅವರು ಉತ್ತರಿಸುತ್ತಾರೆ.

ಇಂತಿ,
ಒಬ್ಬ ನಿವೃತ್ತ ಸರ್ಕಾರಿ ಶಸ್ತ್ರವೈದ್ಯ
ಹಾವೇರಿ ಜಿಲ್ಲೆ